ವಿಮಾನದಲ್ಲಿ ಅಳೆದದ್ದು ‘ಸಾಂದ್ರತೆ’ಯೇ, ‘ಪಾಲೇ’?

ಎಲ್ಲರಿಗೂ ನಮಸ್ಕಾರ,

ಲೇಖನವೊಂದನ್ನು ಬರೆಯುತ್ತಾ ಒಂದು ಪದದ ಹತ್ತಿರ ಸಿಕ್ಕಿಹಾಕಿಕೊಂಡಿದ್ದೇನೆ. ವಿಷಯ ಜಪಾನಿನ ‘ಕಾಂಟ್ರೇಲ್’ ಯೋಜನೆ. ಜಪಾನ್ ಏರ್‌ಲೈನ್ಸ್‌ನ ಪ್ರಯಾಣಿಕ ವಿಮಾನಗಳಲ್ಲೇ ಉಪಕರಣ ಕೂರಿಸಿ, 2005ರಿಂದ ದಾರಿಯುದ್ದಕ್ಕೂ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಅಳೆಯುತ್ತಿದ್ದಾರೆ. ಹೊರಗಿನ ಗಾಳಿಯನ್ನು ವಿಮಾನದ ಏರ್ ಕಂಡೀಷನ್ ಕೊಳವೆಯಿಂದಲೇ ಹಿಡಿಯುತ್ತಾರೆ. ಹತ್ತುವಾಗ, ಇಳಿಯುವಾಗ 10 ಸೆಕೆಂಡಿಗೊಂದು ಅಳತೆ.

“ಮೇಲೆ ಹೋದಂತೆ ಇಂಗಾಲದ ಡೈಆಕ್ಸೈಡ್ ಸಾಂದ್ರತೆ ಅಷ್ಟೇನೂ ಬದಲಾಗುವುದಿಲ್ಲ” ಅಂತ ಬರೆದಿದ್ದೆ. ಪಿಯುಸಿ ಓದುವ ಮಗಳು ಅಲ್ಲೇ ಹಿಡಿದಳು. “ಅಪ್ಪಾ, 10 ಕಿಲೋಮೀಟರ್ ಮೇಲೆ ಗಾಳೀನೇ ತೆಳು ಅಲ್ವಾ? ಸಾಂದ್ರತೆ ಹೇಗೆ ಹಾಗೇ ಇರುತ್ತೆ?”

ಅವಳು ಹೇಳಿದ್ದು ಸರಿ. ಅಲ್ಲಿ ಒಂದು ಘನ ಮೀಟರ್ ಗಾಳಿಯ ತೂಕ ನೆಲದ ಹತ್ತಿರದ್ದರ ಸುಮಾರು ಮೂರರಲ್ಲೊಂದು. ಇಂಗಾಲದ ಡೈಆಕ್ಸೈಡೂ ಅಷ್ಟೇ ಕಮ್ಮಿ. ಆದರೆ ಉಪಕರಣ ಹೇಳುವುದು ಅದನ್ನಲ್ಲ. ಒಣ ಗಾಳಿಯ ದಶಲಕ್ಷ ಅಣುಗಳಲ್ಲಿ ಇಂಗಾಲದ ಡೈಆಕ್ಸೈಡ್ ಎಷ್ಟು ಅನ್ನುವುದನ್ನು. ಈಗ ಅದು 420ರ ಆಚೀಚೆ. ಅಕ್ಕಿಯಲ್ಲಿ ಕಲ್ಲು ಇದ್ದ ಹಾಗೆ. ಸೇರು ತುಂಬ ಅಕ್ಕಿ ಇರಲಿ, ತಳದಲ್ಲಿ ಸ್ವಲ್ಪವೇ ಇರಲಿ, ಸಾವಿರ ಕಾಳಿಗೆ ಕಲ್ಲು ಅಷ್ಟೇ.

‘ಸಾಂದ್ರತೆ’ ಅಂದರೆ ಇಷ್ಟು ಜಾಗದಲ್ಲಿ ಎಷ್ಟು ಅಂತಲೇ ತಲೆಗೆ ಬರುತ್ತದೆ. ಜನಸಾಂದ್ರತೆ ಇದೆಯಲ್ಲ, ಹಾಗೆ. ನೆಲದ ಮೇಲೆ ಒಂದೇ ಕಡೆ ಅಳೆಯುವಾಗ ಇದು ಹೇಗೋ ನಡೆದುಹೋಗುತ್ತದೆ. ವಿಮಾನ ಹತ್ತಿದರೆ ಕೈಕೊಡುತ್ತದೆ. ರಸಾಯನ ಪಾಠದ ‘ಸಾರತೆ’ ದ್ರಾವಣಕ್ಕೆ ಒಪ್ಪುತ್ತದೆ. ಗಾಳಿಗೆ ಹಾಕಿದರೆ ನನಗಂತೂ ಒಲೆ ಮೇಲಿನ ಸಾರೇ ನೆನಪಾಗುತ್ತದೆ! ‘ಪ್ರಮಾಣ’ ಅಂದರೆ ತೂಕವೂ ಆದೀತು, ಬೇರೇನೂ ಆದೀತು.

ಸದ್ಯಕ್ಕೆ ‘ಪಾಲು’ ಅಂತ ಇಟ್ಟಿದ್ದೇನೆ. ಈ ವಾಕ್ಯ ನೋಡಿ: “ಜನವರಿಯಿಂದ ಮಾರ್ಚ್‌ವರೆಗೆ ಮಧ್ಯಾಹ್ನದ ಹೊತ್ತು ದಿಲ್ಲಿಯಲ್ಲಿ ವಿಮಾನ ನೆಲದ ಹತ್ತಿರ ಬಂದಂತೆ ಇಂಗಾಲದ ಡೈಆಕ್ಸೈಡ್ ಪಾಲು ಕಮ್ಮಿಯಾಗುವುದು ಕಂಡಿದೆ, ಸುತ್ತಲಿನ ಗೋಧಿ ಹೊಲಗಳು ಹೀರಿಕೊಳ್ಳುತ್ತವೆ.” ಅಷ್ಟು ದೊಡ್ಡ ಊರಿನ ಹೊಗೆ ಇದ್ದೂ! ಇಲ್ಲಿ ‘ಸಾಂದ್ರತೆ’ ಅಂತ ಬರೆದರೆ ಮಗಳ ಲೆಕ್ಕದಲ್ಲಿ ವಾಕ್ಯ ಸುಳ್ಳೇ ಆಗುತ್ತದೆ. ಕೆಳಗೆ ಬಂದಂತೆ ಅದು ಜಾಸ್ತಿಯಾಗಬೇಕಲ್ಲ.

ಇನ್ನೊಂದು ಸಣ್ಣ ತೊಡಕು. ‘ವಿಮಾನದ ಏರಿಳಿತದಲ್ಲಿ ಕಂಡ ಏರಿಳಿತ’ ಅಂತ ಆಗಿಬಿಟ್ಟಿದೆ. ಎರಡನೆಯದಕ್ಕೆ ‘ಹೆಚ್ಚುಕಮ್ಮಿ’ ಹಾಕಿ ನೋಡಿದೆ. ಏನೋ ಅವಘಡವಾದ ಹಾಗೆ ಕೇಳಿಸಿತು, ಅಳಿಸಿದೆ.

‘ಪಾಲು’ ಅಂದರೆ ನಿಮಗೆ ಆಸ್ತಿ ಹಂಚುವ ಮಾತು ಅನ್ನಿಸುತ್ತದೆಯೇ? ‘ಏರಿಳಿತ’ದ ಜಾಗಕ್ಕೆ ಏನಾದರೂ ಹೊಳೆಯಿತೇ? ಲೇಖನ ಸೋಮವಾರ ಕಳಿಸಬೇಕು.