ಹಣೆಗೆ ತಪ್ಪಲೆ, ಕಣ್ಣಿಗೆ ಕಪ್ಪು

ಆ ಭಾನುವಾರ ಅಟ್ಟದಿಂದ ನನ್ನ ಹಣೆಯ ಎಡಭಾಗಕ್ಕೆ ಇಳಿದ ಹಿತ್ತಾಳೆಯ ತಪ್ಪಲೆ ನಮ್ಮ ಅಜ್ಜಿಯ ಕಾಲದ್ದು. ನನ್ನ ಷಷ್ಟ್ಯಬ್ದಿ ಶಾಂತಿಯ ಪಾಯಸ ಅದರಲ್ಲೇ ಆಗಬೇಕೆಂದು ಹೆಂಡತಿ ಹಟ ಹಿಡಿದಿದ್ದಳು. ನಾನು ಸ್ಟೂಲು ಹತ್ತಿದ್ದೆ; ಇಳಿಯುವುದರಲ್ಲಿ ತಪ್ಪಲೆ ನನಗಿಂತ ಮುಂದಾಯಿತು. ಸದ್ದು ಕೇಳಿ ಓಡಿಬಂದ ಅವಳು ಮೊದಲು ತಪ್ಪಲೆಯನ್ನು ಸುತ್ತಲೂ ತಿರುಗಿಸಿ ಎಲ್ಲಾದರೂ ನೆಗ್ಗಿದೆಯೇ ಎಂದು ನೋಡಿ, ನೆಗ್ಗಿಲ್ಲವೆಂದು ಖಾತ್ರಿಯಾದ ಮೇಲೆ ನನ್ನ ಹಣೆಯ ಕಡೆಗೆ ಗಮನ ಹರಿಸಿದಳು. ಅಲ್ಲಿ ನಿಂಬೆಹಣ್ಣಿನ ಗಾತ್ರದ ಬುಗುಟೆ ಎದ್ದಿತ್ತು. ತಣ್ಣಗಿರುವುದು ಸದ್ಯಕ್ಕೆ ಇದೊಂದೇ ಎಂದು ಅದೇ ತಪ್ಪಲೆಯ ತಳವನ್ನು ಬುಗುಟೆಗೆ ಒತ್ತಿ ಹಿಡಿದಳು. ಹೊಡೆದದ್ದೇ ಮದ್ದೂ ಆಯಿತು.

ಸೋಮವಾರದ ಹೊತ್ತಿಗೆ ಬುಗುಟೆ ತಗ್ಗಿತು. ಮಂಗಳವಾರ ಬೆಳಿಗ್ಗೆ ಕನ್ನಡಿ ನೋಡಿಕೊಂಡರೆ ಹಣೆ ಏನೂ ಅರಿಯದಂತೆ ಸುಮ್ಮನಿತ್ತು, ಏಟೇ ಬೀಳದ ಎಡಗಣ್ಣು ಮಾತ್ರ ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಮುಂದಿನ ವಾರದ ಬುಧವಾರ ಶಾಂತಿ. ಫೋಟೋದವನಿಗೆ ಮುಂಗಡ ಕೊಟ್ಟಾಗಿತ್ತು.

ಕುವೆಂಪುನಗರದ ನಮ್ಮ ಪಾರ್ಕಿನ ಕಲ್ಲುಬೆಂಚಿನಲ್ಲಿ ದಿನವೂ ಬೆಳಿಗ್ಗೆ ನಾಲ್ವರು ಕೂಡುತ್ತೇವೆ. ರಸಾಯನಶಾಸ್ತ್ರ ಕಲಿಸಿ ನಿವೃತ್ತರಾದ ಮೇಷ್ಟರು, ಗ್ರಂಥಿಗೆ ಅಂಗಡಿಯ ಶೆಟ್ಟರು, ಪ್ರಾಯದಲ್ಲಿ ಗರಡಿಯ ಮಟ್ಟಿಯಲ್ಲಿ ಹೊರಳಿದ ಪೈಲ್ವಾನರು, ಮತ್ತು ನಾನು. ಐದನೆಯವರಾದ ಡಾಕ್ಟರಮ್ಮನವರು ಕೂರುವವರಲ್ಲ. ನಾಲ್ಕು ನಿಮಿಷಕ್ಕೊಮ್ಮೆ ಸುತ್ತು ಮುಗಿಸಿ ನಮ್ಮ ಮುಂದೆ ಹಾದುಹೋಗುವಾಗ ಒಂದೆರಡು ವಾಕ್ಯ ಹೇಳಿ ಮುಂದೆ ನಡೆಯುತ್ತಾರೆ. ಆದ್ದರಿಂದ ಅವರ ಸಲಹೆ ನಮಗೆ ಯಾವಾಗಲೂ ಧಾರಾವಾಹಿಯಾಗಿಯೇ ಸಿಗುತ್ತದೆ.

ಪೈಲ್ವಾನರು ನನ್ನ ಮುಖವನ್ನು ಬಲ್ಲವರ ಗಾಂಭೀರ್ಯದಿಂದ ನೋಡಿದರು. "ತಪ್ಪಲೆಯ ಕತೆ ಹಣೆಗೆ ಸರಿ. ಈ ಕಣ್ಣಿನದು ಬೇರೆ ಏಟು, ನಿನ್ನೆ ರಾತ್ರಿಯದು. ನಿಜ ಹೇಳಿ, ಮನೆಯಲ್ಲಿ ಶಾಂತಿಯ ಖರ್ಚಿನ ಲೆಕ್ಕ ಕೇಳಿದಿರಾ?"

"ಒಂದೇ ಏಟು," ಎಂದರು ಮೇಷ್ಟರು. "ಚಾಮುಂಡಿ ಬೆಟ್ಟದ ಮೇಲೆ ಬಿದ್ದ ಮಳೆ ಬೆಟ್ಟದ ಮೇಲೆಯೇ ನಿಲ್ಲುತ್ತದೆಯೇ? ಹಣೆಯ ಚರ್ಮದಡಿಯಲ್ಲಿ ಸಣ್ಣ ರಕ್ತನಾಳಗಳು ಒಡೆದು ಸೋರಿದ ರಕ್ತ, ತನ್ನ ಭಾರಕ್ಕೆ ತಾನೇ ಕೆಳಗಿಳಿದು, ಚರ್ಮ ತೀರ ತೆಳುವಾಗಿಯೂ ಸಡಿಲವಾಗಿಯೂ ಇರುವ ಕಣ್ಣಿನ ಸುತ್ತ ಬಂದು ನಿಂತಿದೆ. ಮೊಣಕಾಲ ಕೆಳಗೆ ಪೆಟ್ಟಾದವರಿಗೆ ನಾಲ್ಕು ದಿನದ ಮೇಲೆ ಪಾದದ ಗಂಟು ನೀಲಿಯಾಗುವುದೂ ಹೀಗೆಯೇ."

ಪೈಲ್ವಾನರಿಗೆ ಈ ವಿವರಣೆಯಿಂದ ಸ್ವಲ್ಪ ನಿರಾಸೆಯಾದಂತೆ ಕಂಡಿತು. "ದಸರೆಯಲ್ಲಿ ಅರಮನೆಯೊಳಗೆ ಜಟ್ಟಿಗಳ ವಜ್ರಮುಷ್ಟಿ ಕಾಳಗ ನೋಡಿದ್ದೀರಲ್ಲ, ನೆತ್ತಿಯಲ್ಲಿ ಮೊದಲ ಹನಿ ರಕ್ತ ಕಂಡ ಕೂಡಲೇ ಕಾಳಗ ಮುಗಿಯಿತು. ನಿಮ್ಮ ರಕ್ತ ಹೊರಗೆ ಬಾರದೆ ಒಳಗೇ ಉಳಿದಿದ್ದರಿಂದ ನಿಮ್ಮ ಕಾಳಗ ಇನ್ನೂ ನಡೆಯುತ್ತಿದೆ. ಎಳ್ಳೆಣ್ಣೆ ಬಿಸಿ ಮಾಡಿ ನಾನು ಚೆನ್ನಾಗಿ ನೀವಿಬಿಡುತ್ತೇನೆ, ನಾಳೆಗೆ ಹೆಪ್ಪೆಲ್ಲ ಕರಗಿಹೋಗುತ್ತದೆ," ಎಂದು ತೋಳು ಮಡಿಸಿದರು. ಆ ಹೆಬ್ಬೆರಳುಗಳನ್ನು ಕಂಡು ನಾನು ಬೆಂಚಿನ ತುದಿಗೆ ಸರಿಯುವಷ್ಟರಲ್ಲಿ ಡಾಕ್ಟರಮ್ಮನವರ ಮೊದಲ ಸುತ್ತು ನಮ್ಮೆದುರಿಗೆ ಬಂತು.

"ವಾಂತಿ ಆಯಿತೇ? ಮಂಪರು, ಹೆಚ್ಚುತ್ತಿರುವ ತಲೆನೋವು, ಎರಡೆರಡಾಗಿ ಕಾಣುವುದು ಇದೆಯೇ? ಇಲ್ಲ ತಾನೆ? ಏಟು ಬಿದ್ದ ಬೆನ್ನಿಗೇ ಎರಡೂ ಕಣ್ಣು ಒಟ್ಟಿಗೆ ಕಪ್ಪಾಗಿದ್ದರೆ ನಿಮ್ಮನ್ನು ಇಲ್ಲಿಂದ ನೇರವಾಗಿ ಸ್ಕ್ಯಾನಿಗೆ ಕಳಿಸುತ್ತಿದ್ದೆ. ಯಾರೂ ನೀವಬಾರದು. ಹೊಸ ಪೆಟ್ಟನ್ನು ನೀವಿದರೆ ಉಳಿದ ನಾಳಗಳೂ ಒಡೆಯುತ್ತವೆ," ಎಂದು ನಡೆಯುತ್ತಲೇ ಹೇಳಿ ಮರೆಯಾದರು. ಪೈಲ್ವಾನರು ತೋಳು ಇಳಿಸಿದರು.

ಅವಕಾಶಕ್ಕೆ ಕಾದಿದ್ದ ಶೆಟ್ಟರು ಗಂಟಲು ಸರಿಪಡಿಸಿಕೊಂಡರು. "ಹೊರಗೆ ಪಟ್ಟು ಹಾಕುವುದಕ್ಕೆ ಯಾರ ಅಡ್ಡಿಯೂ ಇರಲಾರದು. ಅರಿಶಿನಕ್ಕೆ ಚಿಟಿಕೆ ಸುಣ್ಣ ಸೇರಿಸಿ ಕಲಸಿ ಬಳಿದರೆ ನೀಲಿ ಬಣ್ಣ ಆ ಕ್ಷಣವೇ ಮಾಯವಾಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ."

"ಮಾಯವಾಗದೆ ಏನು, ಮೇಲೆ ಕೆಂಪು ಬಳಿದರೆ ಕೆಳಗಿನ ನೀಲಿ ಕಾಣುವುದಾದರೂ ಹೇಗೆ?" ಎಂದರು ಮೇಷ್ಟರು. "ಅರಿಶಿನದಲ್ಲಿರುವ ಕರ್ಕ್ಯುಮಿನ್ ಸುಣ್ಣದ ಕ್ಷಾರ ತಗಲಿದೊಡನೆ ಕೆಂಪಾಗುತ್ತದೆ. ನೀವು ಮಾರುವ ಒಳ್ಳೆಯ ಕುಂಕುಮ ಆಗುವುದೂ ಹಾಗೆಯೇ, ಆರತಿಯ ತಟ್ಟೆಯಲ್ಲಿ ಕಲಸುವ ಓಕುಳಿಯೂ ಅದೇ. ಇವರ ಮುಖಕ್ಕೆ ಓಕುಳಿ ಬಳಿದು, ಪೆಟ್ಟು ವಾಸಿಯಾಯಿತು ಎಂದರೆ ದೃಷ್ಟಿ ತೆಗೆದಷ್ಟೇ ಪ್ರಯೋಜನ."

"ದೃಷ್ಟಿಯಿಂದಲೇ ತಪ್ಪಲೆ ಬಿದ್ದಿರಬಹುದಲ್ಲ," ಎಂದು ಶೆಟ್ಟರು ಬಿಟ್ಟುಕೊಡಲಿಲ್ಲ. ಅಷ್ಟಕ್ಕೇ ನಿಲ್ಲದೆ, ಅರಿಶಿನ ಬೇಡವಾದರೆ ಕರಿಬೋಳವಿದೆ, ಲೋಳೆಸರದ ರಸ ಒಣಗಿಸಿದ ಗಟ್ಟಿ ಅದು, ತೇಯ್ದು ಪಟ್ಟು ಹಾಕಿದರೆ ಎಂಥ ಒಳಪೆಟ್ಟಿನ ಬಾವೂ ಇಳಿಯುತ್ತದೆ ಎಂದು ತಮ್ಮ ದಾಸ್ತಾನಿನ ಇನ್ನೊಂದು ಡಬ್ಬಿ ತೆರೆದರು. ಕರಿಬೋಳದ ಪರಿಚಯ ನನಗೆ ಎಳವೆಯಲ್ಲೇ ಆಗಿದೆ: ಎದೆಹಾಲು ಬಿಡಿಸಲು ಅಮ್ಮ ಬಳಿದುಕೊಂಡಿದ್ದ ಆ ಕಹಿಯ ಮೇಲೆ ನಾನು ಇಡೀ ಓಣಿಗೆ ಕೇಳುವಂತೆ ದೂರಿದ್ದೆನಂತೆ. ಅದೂ ಇರಲಿ, ಕಪ್ಪಾದ ಕಣ್ಣಿಗೆ ಕರಿಬೋಳ ಬಳಿದುಕೊಂಡರೆ ಕಪ್ಪು ಇಳಿಯಿತೇ ಏರಿತೇ ಎಂದು ತಿಳಿಯಲು ಪ್ರತಿಸಲವೂ ಮುಖ ತೊಳೆಯಬೇಕಾಗುತ್ತದೆ.

ಎರಡನೆಯ ಸುತ್ತು. "ಸುಣ್ಣ ಎಂದಿರಾ, ಕಣ್ಣಿನ ಹತ್ತಿರ? ಪೆಟ್ಟು ಎರಡು ವಾರದಲ್ಲಿ ಮಾಯುತ್ತದೆ, ಸುಣ್ಣ ಕಣ್ಣೊಳಗೆ ಬಿದ್ದರೆ ಆಗುವ ಸುಟ್ಟಗಾಯ ಮಾಯುವುದಿಲ್ಲ. ಮೊದಲೆರಡು ದಿನ ತಣ್ಣೀರು, ಐಸು. ಬಟ್ಟೆಯಲ್ಲಿ ಸುತ್ತಿ ಹತ್ತು ಹದಿನೈದು ನಿಮಿಷ, ದಿನಕ್ಕೆ ನಾಲ್ಕೈದು ಸಲ. ಐಸನ್ನು ಬರಿಯ ಚರ್ಮಕ್ಕೆ ಇಡಬೇಡಿ."

ಇದನ್ನು ಕೇಳಿ ನಾನು ನನ್ನ ಸಂಕಟ ಹೇಳಿಕೊಂಡೆ. ನಮ್ಮ ಫ್ರಿಜ್ಜಿನಲ್ಲಿ ಐಸಿನ ತಟ್ಟೆ ಮುರಿದು ವರ್ಷವಾಗಿದೆ. ಭಾನುವಾರ ಸಂಜೆ ಹೆಂಡತಿ ಫ್ರೀಜರಿನಿಂದ ಹಿತಕಿದ ಅವರೆಕಾಳಿನ ಪೊಟ್ಟಣ ತೆಗೆದು, ಟವೆಲ್ಲಿನಲ್ಲಿ ಸುತ್ತಿ ಕೊಟ್ಟಿದ್ದಳು. ಕಾಳು ಉದುರುದುರಾಗಿ ಕಣ್ಣಿನ ಗುಳಿಗೂ ಹುಬ್ಬಿನ ಏರಿಗೂ ಒಪ್ಪವಾಗಿ ಕೂರುತ್ತಿತ್ತು. ಅದಕ್ಕಿಂತ ಹಿತವಾದ ಚಿಕಿತ್ಸೆಯನ್ನು ನಾನು ಕಂಡಿಲ್ಲ. ಆದರೆ ಸೋಮವಾರ ಮಧ್ಯಾಹ್ನ, ಕರಗಿ ಕರಗಿ ಕಾಳು ಮೆತ್ತಗಾಗುತ್ತಿದೆ ಎಂದು ಅದನ್ನು ನನ್ನ ಹಣೆಯಿಂದ ಎತ್ತಿ ನೇರವಾಗಿ ಸಾರಿಗೆ ಹಾಕಿಬಿಟ್ಟಳು. ನನ್ನ ಬಾವು ಇಳಿಸಿದ ಕಾಳನ್ನು ನಾನೇ ಮುದ್ದೆಯ ಜೊತೆ ಉಂಡೆ.

"ಒಳಗೂ ಹೊರಗೂ ಮದ್ದಾಯಿತು," ಎಂದರು ಪೈಲ್ವಾನರು.

ಇಷ್ಟರಲ್ಲಿ ಪತ್ರಿಕೆ ಹಿಡಿದು ಬಂದ ಪೋಸ್ಟ್ ಮಾಸ್ಟರ್ ರಾಯರು, ಜೇಬಿನಲ್ಲಿ ಸದಾ ಹೋಮಿಯೋಪತಿಯ ಪುಟ್ಟ ಸೀಸೆಗಳನ್ನು ಇಟ್ಟುಕೊಂಡಿರುವವರು, ನನ್ನ ಕಣ್ಣು ಕಂಡದ್ದೇ ಅರ್ನಿಕಾ ಮೂವತ್ತು ಎಂದು ಘೋಷಿಸಿ ನಾಲ್ಕು ಸಕ್ಕರೆ ಗುಳಿಗೆಗಳನ್ನು ಅಂಗೈಗೆ ಸುರಿದರು. ಮೇಷ್ಟರು ಲೆಕ್ಕಕ್ಕಿಳಿದರು. ಯೂರೋಪಿನ ಬೆಟ್ಟಗಳ ಆ ಹಳದಿ ಹೂವಿನ ಗಿಡದ ಸಾರವನ್ನು ನೂರರಲ್ಲಿ ಒಂದು ಪಾಲಿನಂತೆ ಮೂವತ್ತು ಸಲ ತೆಳುವು ಮಾಡಿದರೆ, ಒಂದರ ಮುಂದೆ ಅರವತ್ತು ಸೊನ್ನೆ ಬರೆದಷ್ಟು ಪಾಲಿನಲ್ಲಿ ಒಂದು ಪಾಲು ಉಳಿಯುತ್ತದೆ, ಎಂದರೆ ಗುಳಿಗೆಯಲ್ಲಿ ಗಿಡದ ಒಂದು ಕಣವೂ ಇರುವ ಸಂಭವವಿಲ್ಲ ಎಂದರು. ರಾಯರು ಕಿಂಚಿತ್ತೂ ವಿಚಲಿತರಾಗದೆ, "ಅರವತ್ತು ತುಂಬಿದವರಿಗೆ ಅರವತ್ತು ಸೊನ್ನೆ, ಇದಕ್ಕಿಂತ ಒಪ್ಪುವ ಔಷಧ ಯಾವುದು?" ಎಂದರು. ಗುಳಿಗೆ ಸಿಹಿಯಾಗಿತ್ತು, ನಾನು ತಿಂದೆ.

ಮೂರನೆಯ ಸುತ್ತಿನಲ್ಲಿ ಡಾಕ್ಟರಮ್ಮನವರು ತುಸು ನಿಧಾನಿಸಿದರು, ಇದು ಅಪರೂಪ. "ಹೃದಯಕ್ಕೆಂದು ದಿನವೂ ಆಸ್ಪಿರಿನ್ ನುಂಗುತ್ತೀರಲ್ಲವೇ, 75 ಮಿಲಿಗ್ರಾಮಿನದು? ನಿಂಬೆಹಣ್ಣಿನಷ್ಟು ಏಟಿಗೆ ಮೂಸಂಬಿಯಷ್ಟು ಕಪ್ಪಾಗಿರುವುದು ಅದರಿಂದಲೂ ಇದ್ದೀತು. ಹಾಗೆಂದು ನೀವಾಗಿಯೇ ನಿಲ್ಲಿಸಬೇಡಿ, ಬರೆದುಕೊಟ್ಟವರನ್ನು ಕೇಳಿ. ಏಟೇ ಬೀಳದೆ ಮೈಮೇಲೆ ಅಲ್ಲಲ್ಲಿ ಕಪ್ಪು ಕಂಡರೆ, ಒಸಡಿನಲ್ಲಿ ರಕ್ತ ಬಂದರೆ ಮಾತ್ರ ಈ ಬೆಂಚಿಗೆ ಬರದೆ ಆಸ್ಪತ್ರೆಗೆ ಹೋಗಿ. ನಾಳೆಯಿಂದ ಐಸು ಬೇಡ, ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಹದವಾದ ಶಾಖ ಕೊಡಿ. ರಾತ್ರಿ ತಲೆಗೆ ಎರಡು ದಿಂಬು."

ಶಾಖ ಎಂಬ ಮಾತು ಕೇಳಿದ್ದೇ ಪೈಲ್ವಾನರ ಮುಖ ಅರಳಿತು. ಗರಡಿಯಲ್ಲಿ ಉಪ್ಪು ಹುರಿದು ಬಟ್ಟೆಯಲ್ಲಿ ಗಂಟು ಕಟ್ಟಿ ಶಾಖ ಕೊಡುತ್ತಿದ್ದರೆಂದೂ, ತಾವು ಮೊದಲಿನಿಂದಲೂ ಹೇಳುತ್ತಿದ್ದುದು ಇದನ್ನೇ ಎಂದೂ ಅವರು ಸಾಧಿಸಿದರು. ಅವರು ಹೇಳಿದ್ದು ನೀವುವುದನ್ನು. ಆದರೂ ಅಷ್ಟು ದಪ್ಪ ಹೆಬ್ಬೆರಳುಗಳವರ ಜೊತೆ ವಾದಿಸುವುದು ಬೇಡವೆನಿಸಿತು.

ಉಳಿದದ್ದು ಬುಧವಾರದ ಪ್ರಶ್ನೆ. ಪುರೋಹಿತರು ಮುಹೂರ್ತ ಕದಲಿಸುವುದಿಲ್ಲ, ಫೋಟೋದವನು ಮುಂಗಡ ಹಿಂದಿರುಗಿಸುವುದಿಲ್ಲ. ಮೇಷ್ಟರು ಕಡ್ಡಿ ಎತ್ತಿಕೊಂಡು ಮಣ್ಣಿನ ಮೇಲೆ ದಿನಗಳನ್ನು ಗುರುತು ಹಾಕಿದರು. "ಸೋರಿದ ರಕ್ತದ ಹಿಮೋಗ್ಲೋಬಿನ್ನನ್ನು ದೇಹ ಒಡೆಯುತ್ತಾ ಹೋಗುತ್ತದೆ. ಈಗ ನೇರಳೆ. ಇನ್ನು ಮೂರು ನಾಲ್ಕು ದಿನಕ್ಕೆ ಅಂಚುಗಳಲ್ಲಿ ಹಸಿರು ಮೂಡುತ್ತದೆ, ಅದು ಬಿಲಿವರ್ಡಿನ್. ಅದು ಬಿಲಿರುಬಿನ್ ಆದಾಗ ಹಳದಿ. ಕಾಮಾಲೆಯಲ್ಲಿ ಕಣ್ಣು ಹಳದಿಯಾಗುವುದೂ ಈ ಬಿಲಿರುಬಿನ್ನಿನಿಂದಲೇ. ಕೊನೆಗೆ ಕಬ್ಬಿಣದಂಶದ ನಸುಗಂದು ಉಳಿದು, ಅದೂ ಹೋಗುತ್ತದೆ. ನೀವು ಶೆಟ್ಟರ ಪಟ್ಟು ಹಾಕಿದರೂ, ರಾಯರ ಗುಳಿಗೆ ತಿಂದರೂ, ಸುಮ್ಮನೆ ಕೂತರೂ ಬಣ್ಣಗಳ ಈ ಸರದಿ ತಪ್ಪುವುದಿಲ್ಲ. ಹಸಿರಾದ ದಿನ ಯಾರ ಮದ್ದು ಹಚ್ಚಿರುತ್ತೀರೋ ಅವರು ಕೀರ್ತಿ ಹೊಡೆದುಕೊಳ್ಳುತ್ತಾರೆ, ಅಷ್ಟೇ."

"ಬುಧವಾರಕ್ಕೆ ಏನು ಬಣ್ಣ, ಅದನ್ನು ಹೇಳಿ," ಎಂದೆ.

"ಹತ್ತನೆಯ ದಿನ. ಹೆಚ್ಚುಕಡಿಮೆ ಅಪ್ಪಟ ಹಳದಿ."

ಶೆಟ್ಟರು ನಿಧಾನವಾಗಿ ನಕ್ಕರು. "ಮಂಗಳಸ್ನಾನಕ್ಕೆ ಮೊದಲು ಅರಿಶಿನ ಹಚ್ಚುತ್ತಾರಲ್ಲ! ಕಾಲು ಕಿಲೋ ಕಳಿಸುತ್ತೇನೆ. ಸುಣ್ಣ ಸೇರಿಸದೆ."

ನಾಲ್ಕನೆಯ ಸುತ್ತಿನಲ್ಲಿ ಡಾಕ್ಟರಮ್ಮನವರು ಏನೂ ಹೇಳಲಿಲ್ಲ. ಮಣ್ಣಿನ ಮೇಲಿನ ಪಟ್ಟಿಯನ್ನು ನೋಡಿ ತಲೆಯಾಡಿಸಿ ಮುಂದೆ ಹೋದರು.

ಬುಧವಾರ ಎಲ್ಲವೂ ಮೇಷ್ಟರ ಲೆಕ್ಕದಂತೆಯೇ ನಡೆಯಿತು. ಮನೆಯ ಹೆಂಗಸರು ಎರಡೂ ಕೆನ್ನೆಗೆ ಅರಿಶಿನ ಹಚ್ಚಿ ಹಿಂದೆ ಸರಿದರು. ಫೋಟೋದವನು ಕ್ಯಾಮೆರಾ ಕಣ್ಣಿಗೆ ಹಿಡಿಯುವ ಹೊತ್ತಿಗೆ ಪುರೋಹಿತರು ಮಂತ್ರ ನಿಲ್ಲಿಸಿ, ನನ್ನ ಮುಖವನ್ನು ಎಡದಿಂದ ಬಲಕ್ಕೆ ಒಮ್ಮೆ ಪರಿಶೀಲಿಸಿ, "ಎಡಗಡೆ ಲಕ್ಷಣವಾಗಿ ಹಿಡಿದಿದೆ, ಬಲಗಡೆಗೆ ಸಾಲದು ತಾಯಿ, ಇನ್ನಷ್ಟು ಹಚ್ಚಿ," ಎಂದರು.