ಶ್ರೀಲಂಕಾ: ಜಿಲ್ಲೆ 25, ಚುನಾವಣಾ ಜಿಲ್ಲೆ 22. ಹೊಂದಿಸುವುದು ಹೇಗೆ?

ನಕ್ಷೆಗಾರ: ಶ್ರೀಲಂಕಾ ಸಂಸತ್ ಚುನಾವಣೆಯ ಫಲಿತಾಂಶವನ್ನು ಜಿಲ್ಲಾವಾರು ನಕ್ಷೆಗೆ ಇಳಿಸುತ್ತಿದ್ದೇನೆ. ನಕ್ಷೆಯಲ್ಲಿ 25 ಜಿಲ್ಲೆ, ಫಲಿತಾಂಶದಲ್ಲಿ 22. ‘ವನ್ನಿ’, ‘ದಿಗಾಮಡುಲ್ಲ’ ಎಂಬ ಜಿಲ್ಲೆಗಳು ನಕ್ಷೆಯಲ್ಲೇ ಇಲ್ಲ. ಮತದಾನ ವಿಭಾಗಗಳು 160 ಇವೆ. ಒಂದಕ್ಕೆ ಒಬ್ಬ ಸಂಸದ ಎಂದು ಹಿಡಿಯಬಹುದೇ?

ಗಡಿರೇಖೆ: ಮೊದಲು ಜಿಲ್ಲೆಗಳನ್ನು ಸೇರಿಸಿಕೊಳ್ಳಿ. ಜಾಫ್ನಾ + ಕಿಳಿನೊಚ್ಚಿ = ಜಾಫ್ನಾ ಚುನಾವಣಾ ಜಿಲ್ಲೆ. ಮನ್ನಾರ್ + ವವುನಿಯಾ + ಮುಲ್ಲೈತೀವು = ವನ್ನಿ. ದಿಗಾಮಡುಲ್ಲ ಎಂದರೆ ಅಂಪಾರ ಜಿಲ್ಲೆಯೇ. ಉಳಿದವು ಹೆಸರಿಗೆ ಹೆಸರು ಹೊಂದುತ್ತವೆ. ಚುನಾವಣಾ ಜಿಲ್ಲೆಗಳು 20ಕ್ಕಿಂತ ಕಡಿಮೆ ಇರಬಾರದು, 24 ಮೀರಬಾರದು ಎಂದು 1978ರ ಸಂವಿಧಾನವೇ ಮಿತಿ ಹಾಕಿದೆ. 1984ರಲ್ಲಿ ಕಿಳಿನೊಚ್ಚಿ ಬೇರೆ ಜಿಲ್ಲೆಯಾದರೂ ಮತ ಎಣಿಕೆಗೆ ಜಾಫ್ನಾದಲ್ಲೇ ಉಳಿಯಿತು.

ವಿಭಾಗಕ್ಕೊಬ್ಬ ಸಂಸದ ಎಂಬ ಲೆಕ್ಕ ಮಾತ್ರ ಖಂಡಿತ ಬೇಡ. ಮತದಾನ ವಿಭಾಗಗಳು ಹಳೆಯ ಏಕಸದಸ್ಯ ಪದ್ಧತಿಯ ಕ್ಷೇತ್ರಗಳಿಂದ ಉಳಿದು ಬಂದವು; ಈಗ ಎಣಿಕೆಗಷ್ಟೇ ಬಳಕೆ. ಸ್ಥಾನ ಹಂಚಿಕೆಯ ದಾರಿಯೇ ಬೇರೆ: 9 ಪ್ರಾಂತಗಳಿಗೆ ತಲಾ 4ರಂತೆ 36, ಮತದಾರರ ಸಂಖ್ಯೆಗೆ ತಕ್ಕಂತೆ 160, ರಾಷ್ಟ್ರೀಯ ಪಟ್ಟಿಯಿಂದ (ದೇಶದ ಒಟ್ಟು ಮತಕ್ಕೆ ತಕ್ಕಂತೆ ಪಕ್ಷಗಳಿಗೆ ಹಂಚುವ ಸ್ಥಾನಗಳು) 29, ಒಟ್ಟು 225. ಎರಡೂ ಕಡೆ 160 ಬರುವುದರಿಂದಲೇ ಬಹಳ ಜನ ಇಲ್ಲಿ ಎಡವುತ್ತಾರೆ.

ಶೇಷಗಣಿತ: ಸ್ಥಾನಗಳನ್ನು ನೀವೇ ತಾಳೆ ನೋಡುವುದಾದರೆ ಒಂದು ಕಾಲ್ಪನಿಕ ಲೆಕ್ಕ ಕೊಡುತ್ತೇನೆ. ಒಂದು ಚುನಾವಣಾ ಜಿಲ್ಲೆಗೆ 7 ಸ್ಥಾನ, 3,00,000 ಸಿಂಧು ಮತ. ಶೇ 5 ಮುಟ್ಟದ ಮೂರು ಪಕ್ಷಗಳಿಗೆ ತಲಾ 10,000 ಬಿದ್ದಿವೆ. ಅವನ್ನು ಕಳೆಯಿರಿ, ಉಳಿಯುವುದು 2,70,000. ಹೆಚ್ಚು ಮತ ಪಡೆದ ಪಕ್ಷಕ್ಕೆ ಒಂದು ಬೋನಸ್ ಸ್ಥಾನ ಮೊದಲೇ ಹೋಗುತ್ತದೆ, ಆದ್ದರಿಂದ ಭಾಗಿಸಬೇಕಾದದ್ದು 7ರಿಂದಲ್ಲ, 6ರಿಂದ: 45,000.

‘ಅ’ ಪಕ್ಷಕ್ಕೆ 1,30,000 ಮತ: ಬೋನಸ್ 1, ಭಾಗಾಕಾರದಲ್ಲಿ 2, ಶೇಷ 40,000. ‘ಆ’ ಪಕ್ಷಕ್ಕೆ 95,000: 2 ಸ್ಥಾನ, ಶೇಷ 5,000. ‘ಇ’ ಪಕ್ಷಕ್ಕೆ 45,000: 1 ಸ್ಥಾನ. ಉಳಿದ ಒಂದು, ಶೇಷ ದೊಡ್ಡದಿರುವ ‘ಅ’ ಪಕ್ಷಕ್ಕೆ. ಒಟ್ಟು 4, 2, 1. 45,000 ಸಿಕ್ಕ ಆ ಮೊದಲ ಭಾಗಾಕಾರದಲ್ಲಿ ಮಾತ್ರ, ಭಿನ್ನರಾಶಿ ಬಂದರೆ ಮುಂದಿನ ಪೂರ್ಣಾಂಕ ಹಿಡಿಯಬೇಕು.

ನಕ್ಷೆಗಾರ: ಸ್ಥಾನಗಳು ಸರಿಹೋದವು, ಧನ್ಯವಾದ. ಆದರೆ ವಿಭಾಗಗಳ ಮತ ಕೂಡಿಸಿದರೆ ಜಿಲ್ಲೆಯ ಮೊತ್ತಕ್ಕಿಂತ ಕಡಿಮೆ ಬರುತ್ತಿದೆ.

ಗಡಿರೇಖೆ: ಅಂಚೆ ಮತ ಬಿಟ್ಟುಹೋಗಿರುತ್ತದೆ. ಅದನ್ನು ಯಾವ ವಿಭಾಗಕ್ಕೂ ಹಂಚುವುದಿಲ್ಲ, ಚುನಾವಣಾ ಜಿಲ್ಲೆಗೆ ಒಂದೇ ಪ್ರತ್ಯೇಕ ಸಾಲಾಗಿ ಕೊಡುತ್ತಾರೆ. ಇನ್ನೊಂದು ಮಾತು: ವನ್ನಿಯನ್ನು ಒಡೆದು ಮೂರು ಜಿಲ್ಲೆಗಳಿಗೆ ಬಣ್ಣ ಹಚ್ಚುವ ಆಸೆಯಿದ್ದರೆ, ಮನ್ನಾರ್, ವವುನಿಯಾ, ಮುಲ್ಲೈತೀವು ಹೆಸರಿನ ಮತದಾನ ವಿಭಾಗಗಳೇನೋ ಇವೆ. ಆದರೆ ಹೆಸರು ಒಂದೇ ಎಂದು ಗಡಿಯನ್ನೂ ಒಂದೇ ಎಂದು ಹಿಡಿಯಬೇಡಿ. ಗ್ರಾಮ ನಿಲಧಾರಿ ವಿಭಾಗಗಳ (ಶ್ರೀಲಂಕಾದ ಅತಿ ಚಿಕ್ಕ ಆಡಳಿತ ಘಟಕ) ಮಟ್ಟಕ್ಕೆ ಇಳಿದು ಹೋಲಿಸಿ, ಆಮೇಲೆ ಬಣ್ಣ ತುಂಬಿ. ಅಂಚೆ ಮತಗಳನ್ನು ಮಾತ್ರ ಮೂರಕ್ಕೆ ಒಡೆಯಲು ದಾರಿಯಿಲ್ಲ; ನಕ್ಷೆಯ ಕೆಳಗೆ ಬೇರೆಯಾಗಿಯೇ ಬರೆಯಿರಿ.