ಮಗಳಿಗೆ ಅಪರಿಚಿತನ ಸಂದೇಶ: ಫೋನ್ ಕಿತ್ತಿಟ್ಟುಕೊಳ್ಳಬೇಕೇ?

ಉಡುಪಿಯ ತಾಯಿ:
ಒಂಬತ್ತನೆಯ ತರಗತಿಯ ನನ್ನ ಮಗಳಿಗೆ ಇನ್‌ಸ್ಟಾಗ್ರಾಂನಲ್ಲಿ, ಮಲ್ಪೆ ಕಡೆಯ ಹುಡುಗನೆಂದು ಹೇಳಿಕೊಂಡ ಅಪರಿಚಿತನೊಬ್ಬ ಫೋಟೊ ಕೇಳುತ್ತಿದ್ದಾನೆ. ಇದನ್ನು ಅವಳಾಗಿಯೇ ಬಂದು ಹೇಳಿದಳು. ಫೋನನ್ನೇ ಕಿತ್ತಿಟ್ಟುಕೊಳ್ಳಬೇಕೆಂಬುದು ಮನೆಯವರ ಅಭಿಪ್ರಾಯ. ನನಗೇಕೋ ಅದು ಸರಿಕಾಣುತ್ತಿಲ್ಲ.

ಮಂಗಳೂರಿನ ಶಿಕ್ಷಕಿ:
ದಯವಿಟ್ಟು ಹಾಗೆ ಮಾಡಬೇಡಿ. ಹೇಳಿದ್ದಕ್ಕೇ ಶಿಕ್ಷೆಯಾಯಿತೆಂದು ಅವಳಿಗೆ ಅನ್ನಿಸಿದರೆ, ನಾಳೆ ನಿಜವಾಗಿಯೂ ಬೆದರಿಕೆ ಬಂದಾಗ ಅವಳು ನಿಮ್ಮ ಬಳಿಗೆ ಬರುವುದಿಲ್ಲ. ಬೆದರಿಸುವವರು ನೆಚ್ಚಿಕೊಂಡಿರುವುದೇ ಮಕ್ಕಳ ಈ ಮೌನವನ್ನು. ಮೊದಲು ಸಂದೇಶಗಳ ಸ್ಕ್ರೀನ್‌ಶಾಟ್ ತೆಗೆದಿಡಿ, ಖಾತೆಯ ಹೆಸರನ್ನು ಬರೆದಿಟ್ಟುಕೊಳ್ಳಿ, ಅನಂತರವೇ ರಿಪೋರ್ಟ್ ಮಾಡಿ ಬ್ಲಾಕ್ ಮಾಡಿಸಿ. ಗಾಬರಿಯಲ್ಲಿ ಎಲ್ಲವನ್ನೂ ಅಳಿಸಿಬಿಡುವುದು ನಾವು ಹಿರಿಯರೇ ಮಾಡುವ ತಪ್ಪು.

ಕುಂದಾಪುರದ ಓದುಗ:
ಖಾಸಗಿ ಚಿತ್ರವನ್ನು ಈಗಾಗಲೇ ಕಳುಹಿಸಿದ್ದರೆ, ಅದು ಜಾಲತಾಣಗಳಲ್ಲಿ ಹರಡದಂತೆ ತಡೆಯಲು 18 ವರ್ಷದೊಳಗಿನವರಿಗಾಗಿಯೇ ‘ಟೇಕ್ ಇಟ್ ಡೌನ್’ ಎಂಬ ಉಚಿತ ಸೇವೆಯಿದೆ. ಅಲ್ಲಿ ಚಿತ್ರವು ಫೋನಿನಲ್ಲೇ ಉಳಿದು, ಅದರ ಡಿಜಿಟಲ್ ಗುರುತು (ಚಿತ್ರವನ್ನು ಗುರುತಿಸುವ ಸಂಕೇತ) ಮಾತ್ರ, ಆ ಚಿತ್ರವನ್ನು ಪತ್ತೆಹಚ್ಚಿ ತೆಗೆಯಲೆಂದು, ಇನ್‌ಸ್ಟಾಗ್ರಾಂನಂತಹ ತಾಣಗಳಿಗೆ ತಲುಪುತ್ತದೆ. ಮಕ್ಕಳ ಸಹಾಯವಾಣಿ 1098. ಪೊಲೀಸ್ ದೂರಿಗೆ, ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಜಿಲ್ಲೆಯ ಸೆನ್ ಠಾಣೆಯಿದೆ. ಮಕ್ಕಳ ಮೇಲಿನ ಇಂತಹ ಕಿರುಕುಳಕ್ಕೆ 2012ರ ಪೋಕ್ಸೊ ಕಾಯ್ದೆಯೂ ಅನ್ವಯಿಸುತ್ತದೆ.

ಉಡುಪಿಯ ತಾಯಿ:
ಧನ್ಯವಾದಗಳು. ಅವಳು ಯಾವ ಚಿತ್ರವನ್ನೂ ಕಳುಹಿಸಿಲ್ಲ. ಸ್ಕ್ರೀನ್‌ಶಾಟನ್ನಂತೂ ನನಗಿಂತ ಮೊದಲೇ ತೆಗೆದಿಟ್ಟಿದ್ದಳು.